ಸಾಂತಾನ ಪಾಲಿನ ಉಂಡಿ

ರಬಕವಿ
೨೬ ಡಿಸೆಂಬರ್ ೨೦೦೧

ಪೂನಮ್‌ಳ ಪಪ್ಪಾ ಅವರಿಗೆ ತ್ರಿಶಲಾಳ ಜಯ ಜಿನೇಂದ್ರ.

ನಿಮ್ಮ ಕೆಮ್ಮು ಹೇಗಿದೆ? ಕಬ್ಬಿನ ಹಂಗಾಮು ಮುಗಿಯುವವರೆಗೆ ಕಾರ್ಖಾನೆ ಬಿಟ್ಟು ಬರಲಾಗುವುದಿಲ್ಲವೆಂದು ಗೊತ್ತು. ಆದರೆ ರಾತ್ರಿ ಪಾಳಿಗೆ ಹೋಗುವಾಗ ಮಫ್ಲರ್ ಕಟ್ಟಿಕೊಳ್ಳಲು ಯಾರ ಅಪ್ಪಣೆ ಬೇಕು? ಇಲ್ಲಿ ಮಕ್ಕಳಿಬ್ಬರೂ ಅರಾಮ. ಮಾವನವರ ಸೀರೆ ಅಂಗಡಿಗೆ ಲಗ್ನದ ಗಿರಾಕಿಗಳು ಛಲೋ ಬರುತ್ತಿದ್ದಾರೆ. ನನಗೆ ಮಾತ್ರ ನಿದ್ದೆಯಿಲ್ಲ. ಇದನ್ನು ಫೋನಿನಲ್ಲಿ ಯಾಕೆ ಹೇಳಲಿಲ್ಲ ಅನ್ನಬೇಡಿ. ಫೋನು ಇರುವುದು ಪಡಸಾಲೆಯಲ್ಲಿ, ಅದರ ಪಕ್ಕದಲ್ಲೇ ನಿಮ್ಮ ತಾಯಿಯವರು ಜಪಮಣಿ ಹಿಡಿದು ಕೂತಿರುತ್ತಾರೆ. ನಾನು ಹಲೋ ಅಂದ ಕೂಡಲೇ ಮಣಿ ನಿಲ್ಲುತ್ತವೆ. ಅದಕ್ಕೇ ಕಾಗದ.

ಡಿಸೆಂಬರ್ ಹಿಡಿದಾಗಿನಿಂದ ಮಕ್ಕಳ ಬಾಯಲ್ಲಿ ಸಾಂತಾ ಬಿಟ್ಟರೆ ಬೇರೆ ಮಾತಿರಲಿಲ್ಲ. ಜಮಖಂಡಿಯ ಅವರ ಶಾಲೆಯಲ್ಲಿ ಟೀಚರು ಹೇಳಿದ್ದರಂತೆ: ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಕೆಂಪು ಅಂಗಿಯ ಅಜ್ಜ ಬರುತ್ತಾನೆ, ಒಳ್ಳೆಯ ಮಕ್ಕಳ ತಲೆದಿಂಬಿನ ಬಳಿ ಕಾಣಿಕೆ ಇಟ್ಟು ಹೋಗುತ್ತಾನೆ, ದಣಿದು ಬರುವ ಅವನಿಗೆ ತಿನ್ನಲು ಏನಾದರೂ ಇಡಬೇಕು. ನಾಲ್ಕು ವರ್ಷದ ಶುಭಂ ಇದನ್ನು ಹೇಳುವಾಗ ಅವನ ಕಣ್ಣು ನೋಡಬೇಕಿತ್ತು ನೀವು. ದೀಪಾವಳಿಗೆ ನಿಮ್ಮ ದಾರಿ ಕಾದು ಕಾದು ಹೊಸ್ತಿಲ ಮೇಲೇ ಮಲಗಿದ ಹುಡುಗ ಅವನು. ಇದೂ ಸುಳ್ಳಾಗಬಾರದೆಂದು ಪೂನಮ್‌ಗೆ ಬಣ್ಣದ ಪೆಟ್ಟಿಗೆ, ಅವನಿಗೆ ಚಾವಿ ಕೊಟ್ಟರೆ ಓಡುವ ಮೋಟಾರು ಗುಟ್ಟಾಗಿ ತಂದು, ಹೊಳೆಯುವ ಕಾಗದ ಸುತ್ತಿ, ಟ್ರಂಕಿನಲ್ಲಿ ನನ್ನ ಮದುವೆಯ ಸೀರೆಗಳ ಅಡಿ ಮುಚ್ಚಿಟ್ಟೆ.

ಅಂದಿನಿಂದ ಅತ್ತೆಯವರ ಕಣ್ಣು ನನ್ನ ಮೇಲೆ. "ಟ್ರಂಕಿಗೆ ಕೀಲಿ ಯಾಕ ಹಾಕೀದಿ? ನಮ್ಮ ಮನ್ಯಾಗ ಕಳ್ಳರು ಅದಾರೇನು?" ಅಂದರು. ಕಸ ಗುಡಿಸುವಾಗ ಆ ಕಾಗದದ ಚೂರು ಸಿಕ್ಕಿದ್ದೇ ಬೆಳಕಿಗೆ ಹಿಡಿದು ನೋಡಿದರು, ಮೂಸಿದರು, ಏನೂ ಅನ್ನದೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅಂದಿದ್ದರೆ ಚಿಂತೆಯಿರಲಿಲ್ಲ. ಮರುದಿನವೇ ಪೂನಮ್ ಬಂದು, "ಮಮ್ಮಿ, ಸಾಂತಾ ಖರೇನ ಬರ್ತಾನೋ, ನೀನ ಇಡ್ತಿಯೋ?" ಎಂದು ಕೇಳಿದಳು. ಇದು ಏಳು ವರ್ಷದ ಹುಡುಗಿಯ ಪ್ರಶ್ನೆಯಲ್ಲ, ಹಿಂದಿನಿಂದ ಯಾರೋ ಹೇಳಿಕೊಟ್ಟಿದ್ದಾರೆ ಅನಿಸಿತು. ಯಾರು ಅಂತ ನಿಮಗೆ ಬಿಡಿಸಿ ಹೇಳಬೇಕೆ?

ತಿನ್ನಲು ಇಡುವ ಮಾತು ಬಂದಾಗಲಂತೂ ಅತ್ತೆಯವರು ಸುಮ್ಮನಿರಲಿಲ್ಲ. ಹೊತ್ತು ಮುಳುಗಿದ ಮೇಲೆ, ಮತ್ತೆ ಹೊತ್ತು ಹುಟ್ಟುವವರೆಗೆ ಒಂದು ಹನಿ ನೀರೂ ಮುಟ್ಟದ ವ್ರತ ಅವರದು, ನೀವು ಹುಟ್ಟುವುದಕ್ಕೂ ಮೊದಲಿನದು. "ರಾತ್ರಿ ಉಣ್ಣಾಂವ ಜೈನರ ಮನಿಗ್ಯಾಕ ಬರ್ತಾನು? ಬ್ಯಾರೆ ಮನಿ ನೋಡ್ಕೊಳ್ಳಲಿ" ಅಂದರು. ಪೂನಮ್ ನಿಮ್ಮ ಮಗಳೇ ಸರಿ. "ಆಯಿ, ಅಂವ ಇಲ್ಲಿ ತಿನ್ನಂಗಿಲ್ಲ. ಕಟಗೊಂಡು ಹೋಗಿ ಬೆಳಗಾದ ಮ್ಯಾಲ ತಿಂತಾನು" ಎಂದು ಅಜ್ಜಿಯ ಬಾಯಿ ಮುಚ್ಚಿಸಿದಳು. ಬೆಳಕಿರುವಾಗಲೇ ಒಂದು ಶೇಂಗಾ ಉಂಡಿಯನ್ನು ನಡುಮನೆಯ ಕಿಟಕಿಯಲ್ಲಿಟ್ಟು ಬಟ್ಟಲು ಬೋರಲು ಹಾಕಿದಳು. ಅತ್ತೆಯವರು ಆ ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋದರು. ಆ ನೋಟ ನನಗೆ ಸೇರಲಿಲ್ಲ.

ಮಕ್ಕಳು ಮಲಗಿದ ಮೇಲೆ ಕಾಣಿಕೆಗಳನ್ನು ತಲೆದಿಂಬಿನ ಬಳಿ ಇಟ್ಟೆ. ಉಂಡಿಯನ್ನು ನಸುಕಿನಲ್ಲಿ ಎದ್ದು ತೆಗೆದರಾಯಿತು ಅಂದುಕೊಂಡೆ. ರಾತ್ರಿಯೆಲ್ಲ ಹೊರಳಾಡಿದವಳಿಗೆ ಸರಿಯಾಗಿ ಆಗಲೇ ಕಣ್ಣು ಹತ್ತಬೇಕೆ! ಎಚ್ಚರವಾದಾಗ ಬಿಸಿಲು ಬಿದ್ದಿತ್ತು. "ಸಾಂತಾ ಬಂದಿದ್ದ! ಉಂಡಿ ಒಯ್ದಾನ!" ಎಂದು ಇಬ್ಬರೂ ಕುಣಿಯುತ್ತಿದ್ದರು. ಬಟ್ಟಲು ಪಕ್ಕಕ್ಕಿತ್ತು, ಉಂಡಿ ಇರಲಿಲ್ಲ. ನಾನು ತೆಗೆದಿಲ್ಲ. ಮಾವನವರು ಇನ್ನೂ ಎದ್ದಿರಲಿಲ್ಲ. ಕಿಟಕಿಗೆ ಜಾಳಿಗೆ ಇದೆ, ಬೆಕ್ಕು ಬರುವಂತಿಲ್ಲ. ಉಳಿದವರು ಒಬ್ಬರೇ. ಅದನ್ನು ನಾಯಿಗೆ ಹಾಕಿ, "ನೋಡ್ರಿ ನಿಮ್ಮ ಮಮ್ಮಿ ಆಟ" ಎಂದು ಮಕ್ಕಳಿಗೆ ಹೇಳಲು ವೇಳೆ ಕಾಯುತ್ತಿದ್ದಾರೆ ಅಂದುಕೊಂಡೆ.

ಅವರು ಏನೂ ಹೇಳಲಿಲ್ಲ. ಉಪವಾಸ ಕೂತರು. ಅಷ್ಟಮಿಯಲ್ಲ, ಚತುರ್ದಶಿಯಲ್ಲ, ಇದು ಯಾವ ಉಪವಾಸ ಎಂದು ಕೇಳಿದರೆ, "ಎಲ್ಲಾ ಉಪಾಸ ಕ್ಯಾಲೆಂಡರಿನ್ಯಾಗ ಬರದಿರ್ತಾರೇನು?" ಅಂದರು. ನಿನ್ನೆಯೂ ನೀರಿಲ್ಲ, ಇವತ್ತೂ ನೀರಿಲ್ಲ. ಬಿ.ಪಿ. ಇರುವ ಜೀವ, ಗೋಡೆ ಹಿಡಿದು ನಡೆಯುತ್ತಿದ್ದಾರೆ. ಬಸದಿಯಲ್ಲಿ ಪೂಜೆ ಮಾಡುವ ಉಪಾಧ್ಯೆಯವರನ್ನು ಪಕ್ಕಕ್ಕೆ ಕರೆದು ಏನೋ ಕೇಳುತ್ತಿದ್ದರು, ನಾನು ಹತ್ತಿರ ಹೋದೊಡನೆ ಇಬ್ಬರೂ ಸುಮ್ಮನಾದರು. ಸೊಸೆ ಮನೆಯ ರೀತಿ ಕೆಡಿಸಿದಳೆಂಬ ಮಾತಲ್ಲದೆ ಮತ್ತೇನಿದ್ದೀತು? ಇದು ನನ್ನ ಮೇಲಿನ ಸಿಟ್ಟಿನ ಉಪವಾಸ. ಮಾವನವರೂ, "ಏನ ಅಂದೀಯವಾ ನಿಮ್ಮ ಅತ್ತಿಗೆ?" ಎಂದು ನನ್ನನ್ನೇ ಕೇಳಿದರು.

ಒಂದು ಮಾತು ಬರೆಯುತ್ತೇನೆ, ಸಿಟ್ಟಾಗಬೇಡಿ. ಜಮಖಂಡಿಯಲ್ಲಿ ನನ್ನ ಕಾಲೇಜಿನ ಗೆಳತಿ ಮಾಲಾಳ ಮನೆಯ ಹಿಂದೆ ಎರಡು ಖೋಲಿ ಖಾಲಿ ಇವೆ, ಶಾಲೆಗೂ ಹತ್ತಿರ. ಮಕ್ಕಳನ್ನು ಕರೆದುಕೊಂಡು ನಾನು ಅಲ್ಲಿರುತ್ತೇನೆ. ನೀವು ಮಾವನವರಿಗೆ ಬರೆದು ಒಪ್ಪಿಸಬೇಕು. ಮಕ್ಕಳ ಸಣ್ಣದೊಂದು ಆಸೆಯನ್ನೂ ಹೆದರಿ ಹೆದರಿ ಕಾಯಬೇಕಾದ ಮನೆಯಲ್ಲಿ ನಾನು ಹೇಗೆ ನಿದ್ದೆ ಮಾಡಲಿ?

ಪಪ್ಪನಿಗೆ ಮಕ್ಕಳು ಮುತ್ತು ಕಳಿಸಿದ್ದಾರೆ. ನಿಮ್ಮ ಕಾಗದದ ದಾರಿ ನೋಡುತ್ತಿರುತ್ತೇನೆ.

ನಿಮ್ಮ,
ತ್ರಿಶಲಾ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಶುಭಂ ಬಂದು, "ಮಮ್ಮಿ, ಆಯಿನ್ನ ಡಾಕ್ಟರ ಕಡೆ ಕರಕೊಂಡು ಹೋಗು. ಹಲ್ಲ ನೋಯಾಕತ್ತಾವು, ಅದಕ್ಕ ಉಣ್ಣವಲ್ಲಳು" ಅಂದ. ನಿನಗೆ ಯಾರು ಹೇಳಿದರು ಅಂದೆ. "ನಾನ ನೋಡೀನಿ. ಸಾಂತಾ ಬಂದ ದಿನ ಇನ್ನೂ ಕತ್ತಲಿತ್ತು, ಆಯಿ ಕಿಟಕಿ ಕಡೆ ನಿಂತಿದ್ಲು. ನಾ ಓಡಿ ಹೋಗಿ ಎರಡೂ ಕೈ ಹಿಡದೆ. ಗಲ್ಲ ಇಷ್ಟ ಬಾತಿತ್ತು! ಸಾಂತಾ ಬಂದಿದ್ನೇನ ಅಂದ್ರ ಮಾತ ಬರಲಿಲ್ಲ, ಬರೇ ಗೋಣು ಹಾಕಿದ್ಲು. ಕಣ್ಣಾಗ ನೀರ ಬಂದಿತ್ತು."

ಇನ್ನೂ ಕತ್ತಲಿತ್ತಂತೆ ರೀ. ನಾನು ಏಳಲಿಲ್ಲವೆಂದು ತೆಗೆಯಲು ಬಂದಿದ್ದಾರೆ. ಆ ಹುಡುಗ ಓಡಿ ಬಂದರೆ ಉಂಡಿಯನ್ನು ಎಲ್ಲಿ ಮುಚ್ಚಿಡಬೇಕು ಅವರು? ಬಸದಿಯಲ್ಲಿ ಯಾವುದರ ಪ್ರಾಯಶ್ಚಿತ್ತ ಕೇಳುತ್ತಿದ್ದರೆಂದು ಈಗ ತಿಳಿಯಿತು. ಜಮಖಂಡಿ ಮನೆಯ ಮಾತನ್ನು ಮಾವನವರಿಗೆ ಬರೆಯಬೇಡಿ. ಫೋನಿನಲ್ಲಿ ಉಪವಾಸದ ಸುದ್ದಿಯನ್ನೂ ತೆಗೆಯಬೇಡಿ. ನನಗೆ ಗೊತ್ತಾಗಿದೆ ಎಂದು ಅವರಿಗೆ ಗೊತ್ತಾಗಬಾರದು. ನಾಳೆ ಹೊತ್ತು ಹುಟ್ಟಿದ ಮೇಲೆ ಬಾಯಿಗೆ ನೀರು ಹಾಕುತ್ತಾರಂತೆ. ಮೆತ್ತಗೆ ಗಂಜಿ ಕುದಿಸಿ ನಾನೇ ಒಯ್ದು ಕೊಡುತ್ತೇನೆ. ಹಲ್ಲುನೋವಿದ್ದವರಿಗೆ ಮತ್ತೇನು ಕೊಡಲಿ?