ಹನ್ನೊಂದು ಟೊಪ್ಪಿಗೆಗೆ ಒಂದೇ ತಲೆ

ರಾಯಚೂರು,
ಫೆಬ್ರುವರಿ ೩೦, ೨೧೯೪

ಮನಸ್ಸು ಕಾಯುವ ಯಂತ್ರವನ್ನು ಈಗಷ್ಟೇ ಕಟ್ಟಲು ಕೂತಿರುವ ನಿಮಗೆ, ಕಂಬಿ ಕಟ್ಟುವ ಅಮರಮ್ಮನ ನಮಸ್ಕಾರ. ನಿಮ್ಮ ಕಾಲದ ಪಂಚಾಂಗದಲ್ಲಿ ಈ ತಾರೀಖು ಇಲ್ಲ. ನಮ್ಮಲ್ಲಿ ಇದೆ, ಅಂದೂ ಕೆಲಸವಿದೆ. ನನ್ನ ಕೆಲವು ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ.

ನಾವು ಕಟ್ಟುತ್ತಿರುವುದು ನೆರಳುಗೋಪುರ, ಊರಿನ ಮೇಲೆ ಬಿಸಿಲು ಬೀಳದಂತೆ ತಡೆಯುವ ಎತ್ತರದ ಕಟ್ಟಡ. ಇಲ್ಲಿ ಎಲ್ಲರಿಗೂ ಮನಗಾವಲು ಎಂಬ ಟೊಪ್ಪಿಗೆ ಕೊಟ್ಟಿದ್ದಾರೆ. ಬೆಳಿಗ್ಗೆ ತಲೆಗೆ ಹಾಕಿದ ಕೂಡಲೇ ಅದು ನಾಡಿ ನೋಡುತ್ತದೆ, ಎರಡು ಮಾತು ಆಡಿಸುತ್ತದೆ. ಹಸಿರು ದೀಪ ಬಂದರೆ ಆ ದಿನ ಮೇಲೆ ಹತ್ತಬಹುದು. ಮನಸ್ಸು ಕುಗ್ಗಿದೆಯೆಂದು ಕೆಂಪು ಬಂದರೆ ಮೂರು ದಿನ ತಂಪುಕೋಣೆ. ಅಲ್ಲಿ ಗೋಡೆಯೊಳಗಿಂದ ಮೆತ್ತಗಿನ ದನಿಯೊಂದು ಸಮಾಧಾನ ಹೇಳುತ್ತದೆ, ಊಟ ಕಿಂಡಿಯಿಂದ ಬರುತ್ತದೆ, ಬೇರೆ ಯಾರಿಗೂ ಪ್ರವೇಶವಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ನಾನು ಬೈಯುವುದಿಲ್ಲ. ಆದರೆ ನಮ್ಮ ಕಡೆ ಸಾವಾದ ಮನೆಯವರನ್ನು ಒಂಟಿಯಾಗಿ ಬಿಡುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ, ಎದುರಿಗೆ ಕೂತು ಉಣ್ಣಿಸಿ ಬರುತ್ತೇವೆ.

ಹುಸೇನಪ್ಪ ನನ್ನ ಜೊತೆ ಕಂಬಿ ಬಾಗಿಸುತ್ತಿದ್ದ. ಮಗಳು ತೀರಿಕೊಂಡ ವಾರ ಅವನಿಗೆ ಕೆಂಪು ಬಂತು. ಮೂರು ದಿನ ಕಳೆದು ಹೊರಗೆ ಬಂದವನು, "ಯಕ್ಕಾ, ಗ್ವಾಡಿ ಜತಿ ಎಷ್ಟಂತ ಮಾತಾಡ್ಲಿ? ನನ್ನ ಮತ್ತ ಆ ಖೋಲ್ಯಾಗ ಕಳಿಸಬ್ಯಾಡ" ಅಂದ.

ನನ್ನದು ಮೊದಲಿನಿಂದಲೂ ಗಟ್ಟಿ ಜೀವ, ಯಾವತ್ತೂ ಹಸಿರು. "ಅಮರಮ್ಮನ ತಲಿ ಅಂದ್ರ ಸರಕಾರಿ ಮುದ್ರಿ" ಎಂದು ಗ್ಯಾಂಗಿನವರು ನಗುತ್ತಿದ್ದರು. ಮರುದಿನ ಅವನ ಟೊಪ್ಪಿಗೆಯನ್ನು ನಾನೇ ಹಾಕಿಕೊಂಡು, ಹಸಿರಾದ ಮೇಲೆ ಅವನಿಗೆ ಕೊಟ್ಟೆ. ತಂಪುಕೋಣೆಗೆ ಹೆದರಿದ ಉಳಿದವರೂ ತಮ್ಮ ತಮ್ಮದನ್ನು ತಂದರು. ಹೀಗೆ ದಿನಾ ಬೆಳಿಗ್ಗೆ ಶೆಡ್ಡಿನಲ್ಲಿ ಹನ್ನೊಂದು ಟೊಪ್ಪಿಗೆ ಹಾಕಿ ತೆಗೆಯುತ್ತಿದ್ದೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂಬ ಹೆಮ್ಮೆಯೂ ಇತ್ತು.

ಹುಸೇನಪ್ಪ ರೊಟ್ಟಿ ಮುರಿದು ಹಾಗೇ ಇಡುತ್ತಿದ್ದ. ನಾನು ನೋಡಿದೆ, ಕೇಳಲಿಲ್ಲ. ಅವನ ದೀಪ ಹಸಿರಿದೆಯಲ್ಲ, ಇನ್ನು ಕೇಳುವುದೇನು ಅಂದುಕೊಂಡೆ. ಆ ಹಸಿರು ನನ್ನದೇ ಎಂಬುದು ನನಗೇ ಮರೆತುಹೋಗಿತ್ತು.

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಅವನು ಮೇಲಿಂದ ಬಿದ್ದು ಸತ್ತ. ಕಾಲು ಜಾರಿತೋ, ತಾನೇ ಕೈಬಿಟ್ಟನೋ, ಯಾರಿಗೂ ಗೊತ್ತಿಲ್ಲ.

ನಾನು ಎಲ್ಲವನ್ನೂ ಒಪ್ಪಿಕೊಂಡೆ. ಮೇಲಿನವರು ಒಬ್ಬರ ಟೊಪ್ಪಿಗೆ ಇನ್ನೊಬ್ಬರ ತಲೆಗೆ ನಡೆಯದಂತೆ ಬೀಗ ಹಾಕಿದರು. ತಂಪುಕೋಣೆಯನ್ನು ಹಾಗೇ ಬಿಟ್ಟರು.

ನನಗೆ ಇವತ್ತಿನವರೆಗೆ ಅಳು ಬಂದಿಲ್ಲ. ಅನ್ನ ರುಚಿಯಿಲ್ಲ, ಬಿಸಿಲು ಬಿಸಿಲೆನಿಸುವುದಿಲ್ಲ, ಅವನ ಮುಖವೂ ಸರಿಯಾಗಿ ನೆನಪಾಗುವುದಿಲ್ಲ. ನಾಡಿ ಮಾತ್ರ ನೆಟ್ಟಗಿದೆ, ದನಿ ನಡುಗುವುದಿಲ್ಲ. ಹಾಗಾಗಿ ಟೊಪ್ಪಿಗೆ ದಿನಾ ಹಸಿರು ತೋರಿಸುತ್ತದೆ, ನಾನು ಮೇಲೆ ಹತ್ತುತ್ತೇನೆ.

ನಿಮ್ಮ ಯಂತ್ರವನ್ನು ಕಟ್ಟಿ, ಬೇಡವೆನ್ನುವುದಿಲ್ಲ. ಅದು ಕೆಂಪೆನ್ನಲಿ, ಹಸಿರೆನ್ನಲಿ, ಆಮೇಲೆ ಒಬ್ಬ ಮನುಷ್ಯ ಬಂದು ಎದುರಿಗೆ ಕೂತು "ಉಂಡ್ಯೇನು?" ಎಂದು ಕೇಳುವಂತೆ ಮಾಡಿ. ನನ್ನನ್ನು ಇನ್ನೂ ಯಾರೂ ಕೇಳಿಲ್ಲ.