ಬೂಟು ಬಿಚ್ಚದ ಮಂತ್ರಿಗಳು

ಕಮಲಾಪುರ
ಸೋಮವಾರ

ಪ್ರಚಾರ ಪುಸ್ತಕದ ಅಕ್ಷೋಭ್ಯ ಸಾಹೇಬರಿಗೆ, ಹರಿಗೋಲಿನ ಉಜ್ಜಿನಪ್ಪನವರ ಹೆಂಡತಿ ಹೊಳೆಮ್ಮನ ನಮಸ್ಕಾರ.

ನಮ್ಮವರ ಚಿತ್ರವನ್ನು ಹೊಸ ಪುಸ್ತಕದಲ್ಲಿ ಹಾಕಲು ನೀವು ಕಳಿಸಿದ ಒಪ್ಪಿಗೆ ಪತ್ರವನ್ನು ಸಹಿ ಮಾಡದೆ ವಾಪಸ್ ಕಳಿಸುತ್ತಿದ್ದೇನೆ.

ಹಂಪಿಯನ್ನು ಪರದೇಶದವರಿಗೆ ತೋರಿಸುವ ನಿಮ್ಮ ಹಳೇ ಪುಸ್ತಕದಲ್ಲಿ ನಮ್ಮವರು ಆಗಿನ ಮಂತ್ರಿಗಳನ್ನು ಹೊಳೆ ದಾಟಿಸುವ ಚಿತ್ರವಿದೆ. ಸರ್ಕಾರ ಬದಲಾದ ಮೇಲೆ ನೀವು ಅದೇ ಜಾಗದಲ್ಲಿ ಹೊಸ ಮಂತ್ರಿಗಳನ್ನು ಕಂಪ್ಯೂಟರಿನಲ್ಲಿ ಕೂರಿಸಿದ್ದೀರಿ. ಅವರು ಮಂತ್ರಿಯಾಗುವ ಎರಡು ತಿಂಗಳ ಮೊದಲೇ ನಮ್ಮವರು ತೀರಿಕೊಂಡರು. ಮೇಲಾಗಿ, ಹೊಸ ಮಂತ್ರಿಗಳ ಕಾಲಲ್ಲಿ ಬೂಟುಗಳಿವೆ. ತಳದ ಹೊದಿಕೆ ಹರಿಯುತ್ತದೆಂದು ನಮ್ಮವರು ಯಾರನ್ನೂ ಬೂಟಿನಲ್ಲಿ ಹರಿಗೋಲು ಹತ್ತಿಸಿದವರಲ್ಲ. ಹಳೇ ಮಂತ್ರಿಗಳೂ ಬರಿಗಾಲಲ್ಲೇ ಕೂತಿದ್ದರು.

"ಫಾರಿನ್ನಿನವರಿಗೆ ಏನ್ ಗೊತ್ತಾಗ್ತದಮ್ಮ, ಜಲ್ದಿ ಸೈನ್ ಮಾಡ್ರಿ" ಎಂದರು ಪತ್ರ ತಂದುಕೊಟ್ಟ ನಿಮ್ಮ ಕಚೇರಿಯವರು.

"ನನಗ ಗೊತ್ತಾಗ್ತದಲ್ರೀ" ಎಂದೆ.

ನಮ್ಮವರು ನಗುತ್ತಿರುವ ಚಿತ್ರ ಅದೊಂದೇ. ಅವರೊಬ್ಬರನ್ನೇ ಉಳಿಸಿ, ಕೆಳಗೆ ಹೆಸರು ಹಾಕಿದರೆ ಆ ದಿನವೇ ಸಹಿ ಮಾಡುತ್ತೇನೆ.

ಹೊಸ ಮಂತ್ರಿಗಳಿಗೂ ಚಿತ್ರ ಬೇಕಾದರೆ ಹೊಳೆಗೆ ಬರಲಿ. ಈಗ ಹುಟ್ಟು ಹಾಕುವವಳು ನಾನೇ. ಬೂಟನ್ನು ದಡದಲ್ಲಿ ಬಿಡಬೇಕೆಂದು ಅವರಿಗೆ ಮೊದಲೇ ಹೇಳಿಡಿ.

ಇಂತಿ,
ಹೊಳೆಮ್ಮ