ಟೇಪಿನ ಆಚೆ ತುದಿ ಹಿಡಿದವನು

ಚಿತ್ರಮಂದಿರಗಳಿಗೆ ಪರವಾನಗಿ ಕೊಡುವ ಮಾನ್ಯ ಅಧಿಕಾರಿಗಳೇ,

ಸಿನಿಮಾವನ್ನು ಎಷ್ಟು ದೂರ ಕೂತು ನೋಡಬೇಕೆಂದು ಈ ಭೂಮಂಡಲಕ್ಕೆ ಮೊದಲು ತೋರಿಸಿಕೊಟ್ಟವನು ನಾನು. ಅಲ್ಲಿಯವರೆಗೆ ಜನ ಪರದೆಗೆ ಬೆನ್ನು ಹಾಕಿ ಕೂರುತ್ತಿದ್ದರು. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವನು ಇಷ್ಟು ಸಾಧಿಸಿರುವಾಗ, ಅಷ್ಟೆಲ್ಲ ಓದಿದ ತಾವು ನಮ್ಮ ಬೀದಿಯ ಚಿತ್ರಮಂದಿರದ ಮೊದಲ ಸಾಲನ್ನು ತಪ್ಪಾಗಿ ಅಳೆದು ಸಹಿ ಹಾಕಿ ಹೋದದ್ದು ಹೇಗೆ? ನಿಯಮದಂತೆ ಪರದೆಯಿಂದ ಇಪ್ಪತ್ತು ಅಡಿ ದೂರವಿರಬೇಕಾದ ಸಾಲು ಹದಿನೈದೇ ಅಡಿಯಲ್ಲಿದೆ. ಅಲ್ಲಿ ಕೂತವರ ಕತ್ತು ಕೆಡುತ್ತಿದೆ.

ತಾವು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಟೇಪಿನ ಈಚೆ ತುದಿಯನ್ನು ಕುರ್ಚಿಗೆ ಹಿಡಿದು, ಕನ್ನಡಕ ಏರಿಸಿ, ಬಹಳ ಗಂಭೀರವಾಗಿ ಅಂಕಿ ಓದಿದಿರಿ. ಆಚೆ ತುದಿ ಎಲ್ಲಿದೆಯೆಂದು ಒಮ್ಮೆಯಾದರೂ ತಲೆ ಎತ್ತಿ ನೋಡಿದಿರಾ? ನೋಡಿದ್ದರೆ ಪರದೆಯ ಕೆಳಗೆ ಎರಡು ಪಾದಗಳು ಕಾಣುತ್ತಿದ್ದವು. ಅವು ನನ್ನವು. ಪರದೆಯ ಹಿಂದೆ ಸ್ಪೀಕರುಗಳಿಗೆಂದು ಐದಡಿ ಜಾಗವಿದೆ, ಆಮೇಲೆ ಗೋಡೆ. ಟೇಪನ್ನು ಪರದೆಗೆ ಹಿಡಿಯುವ ಬದಲು ಅದರ ಅಡಿಯಿಂದ ತೂರಿಸಿ ಗೋಡೆಗೆ ಹಿಡಿದವನು ನಾನೇ. "ಸರಿಯಾಗಿ ಹಿಡ್ದಿದೀಯೇನಯ್ಯಾ?" ಎಂದಿರಿ. "ಗೋಡೆಗೇ ಒತ್ತಿ ಹಿಡ್ದಿದೀನಿ ಸಾರ್" ಎಂದೆ. ನಾನು ಸುಳ್ಳು ಹೇಳಲಿಲ್ಲ, ತಾವು ಕೇಳಿಸಿಕೊಳ್ಳಲಿಲ್ಲ. ಇಪ್ಪತ್ತು ಎಂದು ಬರೆದುಕೊಂಡು ಹೋದಿರಿ.

ಹಾಗೇಕೆ ಹಿಡಿದೆ ಎಂದು ಕೇಳುವ ಹಕ್ಕು ತಮಗಿದೆ. ಕುರ್ಚಿ ಕೂರಿಸುವುದು ನನ್ನ ಕಸುಬು. ಮುಚ್ಚಿಹೋದ ಬೇರೊಂದು ಚಿತ್ರಮಂದಿರದಿಂದ ಹದಿನಾಲ್ಕು ಕುರ್ಚಿ ಕೊಂಡು ತಂದು, ಎಲ್ಲಕ್ಕಿಂತ ಮುಂದೆ ಹೊಸ ಸಾಲೊಂದನ್ನು ಹಾಕಿದೆ. ಆ ಸಾಲಿನ ಟಿಕೆಟ್ಟಿನಲ್ಲಿ ಅರ್ಧ ಪಾಲು ಕೊಡುವುದಾಗಿ ಮಾಲೀಕರು ಒಪ್ಪಿದ್ದರು. ಆಸೆ ಇದ್ದವನ ಕೈಗೆ ಟೇಪಿನ ತುದಿ ಕೊಟ್ಟು ಅಳತೆ ಮಾಡುವ ಪದ್ಧತಿಯನ್ನು ತಮ್ಮ ಇಲಾಖೆಗೆ ಯಾವ ಮಹಾನುಭಾವರು ಕಲಿಸಿದರೋ ಕಾಣೆ.

ಆ ಸಾಲಿನ ನಡುವಿನ ಕುರ್ಚಿಯನ್ನು ನನ್ನ ಅಕ್ಕನಿಗೆ ಪುಕ್ಕಟೆ ಕೊಟ್ಟೆ. ಅವಳು ಬಟ್ಟೆ ಹೊಲಿಯುವವಳು, ಸಿನಿಮಾ ಎಂದರೆ ಪ್ರಾಣ.

"ಇಷ್ಟು ಹತ್ರ ಕೂರ್ಸಿದೀಯಲ್ಲೋ, ಹೀರೋ ಮೂಗಿನ ಹೊಳ್ಳೆ ಬಿಟ್ರೆ ಬೇರೇನೂ ಕಾಣ್ತಿಲ್ಲ" ಎಂದಳು.

"ಸುಮ್ನೆ ನೋಡಕ್ಕ. ಹಿಂದಿನ ಸಾಲಿನವರಿಗಿಂತ ಮೊದಲು ಕಥೆ ನಿಂಗೇ ತಲುಪುತ್ತೆ" ಎಂದೆ.

ತಮ್ಮ ಕೊಡಿಸಿದ ಜಾಗ ಎಂಬ ಅಭಿಮಾನಕ್ಕೆ ವಾರ ತಪ್ಪದೆ ಎಂಟು ತಿಂಗಳು ಬಂದಳು. ಕತ್ತು ಹಿಂದಕ್ಕೆ ಚೆಲ್ಲಿ ಮೂರು ಮೂರು ಗಂಟೆ ಕೂತಳು. ಈಗ ಕತ್ತಿಗೆ ಪಟ್ಟಿ ಬಿದ್ದಿದೆ. "ಮಾವ, ಅಮ್ಮ ಇನ್ನು ಮಿಷನ್ ಮುಂದೆ ಬಗ್ಗೋ ಹಾಗಿಲ್ವಂತೆ" ಎಂದು ಅವಳ ಮಗಳು ಹೇಳಿದಾಗ ನಾನು ಬಾಗಿಲ ಚಿಲಕ ಸರಿಮಾಡುವವನಂತೆ ಅತ್ತ ತಿರುಗಿದೆ. ಅಕ್ಕ ನನಗೇ ಸಮಾಧಾನ ಹೇಳಿದಳು: "ವಯಸ್ಸಾಯ್ತಲ್ಲೋ, ನೀನ್ಯಾಕೆ ಮುಖ ಸಣ್ಣ ಮಾಡ್ಕೋತೀಯ?" ಬೈದಿದ್ದರೆ ಊಟ ಸೇರುತ್ತಿತ್ತೇನೋ.

ಸಾಲನ್ನು ಕಿತ್ತು ಹಾಕಿ ಎಂದು ಮಾಲೀಕರ ಬಳಿ ಹೋದೆ. "ಅಧಿಕಾರಿಗಳ ಸಹಿ ಇದೆ, ನೀನ್ಯಾವನು ಕೀಳೋಕೆ?" ಎಂದರು. ಅಂದು ನಾನೇ ದುಡಿದು ಸಂಪಾದಿಸಿದ ಸಹಿ. ಈ ವಾರ ಆ ಜಾಗದಲ್ಲಿ ಇನ್ಯಾರದೋ ಅಕ್ಕ ಕೂತಿದ್ದಾರೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ತಾವು ಮತ್ತೆ ಬನ್ನಿ. ಈ ಸಲ ಎರಡೂ ತುದಿಗಳನ್ನು ತಮ್ಮವರೇ ಹಿಡಿಯಲಿ. ಅಳೆದ ಮೇಲೆ ಆ ಕುರ್ಚಿಯಲ್ಲಿ ಕೂತು ತಾವೊಂದು ಸಿನಿಮಾ ಪೂರ್ತಿ ನೋಡಿ. ನಂತರ ಸಾಲನ್ನು ಕೀಳಿಸಿ, ನನಗೆ ಯಾವ ಶಿಕ್ಷೆಯಿದೆಯೋ ಅದನ್ನು ಕೊಡಿ.

ಈ ಬಹಿರಂಗ ಪತ್ರವನ್ನು ಪತ್ರಿಕೆಗೆ ಕಳಿಸುವ ಮೊದಲು ಅಕ್ಕನಿಗೆ ಓದಿ ಹೇಳಿದೆ. "ಸಾಲು ಕಿತ್ರೆ ನಿಂಗೆ ಎಷ್ಟು ಹೋಗತ್ತೋ?" ಎಂದಳು. ಊರಿಗೆಲ್ಲ ಹೇಳಿಕೊಂಡಂತೆ ಎರಡು ಲಕ್ಷ ಎಂದೆ. ಕತ್ತು ತಿರುಗಿಸಲಾಗದೆ, ಕುರ್ಚಿಯ ಸಮೇತ ಇಡೀ ಮೈ ತಿರುಗಿಸಿ ನನ್ನ ಮುಖ ನೋಡಿದಳು.

ಒಂಬತ್ತು ಸಾವಿರದ ಇನ್ನೂರು ಎಂದು ತಿದ್ದಿಕೊಂಡೆ.

ಇಂತಿ,
ಕತ್ತು ನೆಟ್ಟಗಿದ್ದೂ ತಲೆ ಎತ್ತಲಾಗದ
ಒಬ್ಬ ಕುರ್ಚಿ ಕೂರಿಸುವವನು